ಮೈಟೊಕಾಂಡ್ರಿಯದ ಸುದ್ದಿ ಕೋಶಕೇಂದ್ರಕ್ಕೆ ಮುಟ್ಟಿತೇ? ಹುಳುವಿನಲ್ಲಿ ಅಳೆಯುವ ಬಗೆ

ಮೈಟೊಕಾಂಡ್ರಿಯ ತೊಂದರೆಗೆ ಸಿಕ್ಕಾಗ ಕೋಶಕೇಂದ್ರಕ್ಕೆ ಸುದ್ದಿ ಮುಟ್ಟುತ್ತದೆ, ಕೋಶಕೇಂದ್ರ ರಿಪೇರಿಗೆ ಬೇಕಾದ ಜೀನ್‌ಗಳನ್ನು ಚಾಲೂ ಮಾಡುತ್ತದೆ ಎಂಬುದು ಈಗ ತರಗತಿಯ ಪಾಠ. ಆ ಸುದ್ದಿಯನ್ನು ಪ್ಲೇಟಿನ ಮೇಲೆ ಹಿಡಿದು ಅಳೆಯಲು ನಾವು ಬಳಸುವುದು ಸಿ. ಎಲೆಗನ್ಸ್ ಎಂಬ ಒಂದು ಮಿಲಿಮೀಟರ್ ಉದ್ದದ ಹುಳು. ಅದರ ಜೀನೋಮಿನಲ್ಲಿ ಎಚ್‌ಎಸ್‌ಪಿ-6 ಜೀನಿನ ಪ್ರೊಮೋಟರ್‌ಗೆ (ಜೀನನ್ನು ಚಾಲೂ ಮಾಡುವ ಡಿಎನ್‌ಎ ಭಾಗ) ಜಿಎಫ್‌ಪಿ ಎಂಬ ಹಸಿರಾಗಿ ಹೊಳೆಯುವ ಪ್ರೋಟೀನಿನ ಜೀನ್ ಜೋಡಿಸಿಟ್ಟಿರುತ್ತದೆ. ಎಚ್‌ಎಸ್‌ಪಿ-6 ಎಂದರೆ ಮೈಟೊಕಾಂಡ್ರಿಯದೊಳಗೆ ಪ್ರೋಟೀನ್‌ಗಳನ್ನು ಸರಿಯಾಗಿ ಮಡಚಲು ನೆರವಾಗುವ ಶಾಪರೋನ್. ಅದರ ಜೀನ್ ಇರುವುದು ಮಾತ್ರ ಕೋಶಕೇಂದ್ರದಲ್ಲಿ. ಮೈಟೊಕಾಂಡ್ರಿಯ ಕೆಟ್ಟರೆ ಹುಳುವಿನ ಕರುಳು ಹಸಿರಾಗಿ ಹೊಳೆಯುತ್ತದೆ. ನೋಡಲು ಇಷ್ಟು ಸರಳವಾಗಿರುವುದರಿಂದಲೇ ಇಲ್ಲಿ ತಪ್ಪು ತೀರ್ಮಾನಗಳೂ ಸಲೀಸಾಗಿ ಹುಟ್ಟುತ್ತವೆ. ಹೊಳಪು ಕಂಡ ಮಾತ್ರಕ್ಕೆ ಸುದ್ದಿ ಹೋಯಿತು ಎಂದು ಬರೆಯುವ ಹಾಗಿಲ್ಲ, ಹೊಳಪು ಕಾಣದಿದ್ದರೆ ಹೋಗಲಿಲ್ಲ ಎನ್ನುವ ಹಾಗೂ ಇಲ್ಲ.

ಸುದ್ದಿ ಯಾಕೆ ಬೇಕು ಎಂಬುದನ್ನು ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ. ಮನುಷ್ಯನ ಮೈಟೊಕಾಂಡ್ರಿಯದ ಡಿಎನ್‌ಎ 16,569 ಬೇಸ್ ಜೋಡಿಗಳಷ್ಟು, ಅದರಲ್ಲಿ 37 ಜೀನ್‌ಗಳು, ಪ್ರೋಟೀನ್ ತಯಾರಿಸುವಂಥವು 13 ಮಾತ್ರ. ಈ ಹುಳುವಿನಲ್ಲಿ 12. ಮೈಟೊಕಾಂಡ್ರಿಯಕ್ಕೆ ಬೇಕಾದ ಉಳಿದ ಸಾವಿರಕ್ಕೂ ಹೆಚ್ಚು ಪ್ರೋಟೀನ್‌ಗಳು ಕೋಶಕೇಂದ್ರದ ಜೀನ್‌ಗಳಿಂದ ತಯಾರಾಗಿ, ಹೊರಗಿನಿಂದ ಒಳಗೆ ಹೋಗಬೇಕು. ಉಸಿರಾಟದ ಸರಪಳಿಯ, ಅಂದರೆ ಶಕ್ತಿ ತಯಾರಿಸುವ ಪ್ರೋಟೀನ್ ಸಾಲಿನ, ಕಾಂಪ್ಲೆಕ್ಸ್ 4ರಂಥ ಯಂತ್ರದಲ್ಲಿ ಎರಡೂ ಕಡೆಯ ಬಿಡಿಭಾಗಗಳು ಸೇರಿವೆ. ಲೆಕ್ಕ ತಪ್ಪಿದರೆ ಜೋಡಿಯಿಲ್ಲದ ತುಂಡುಗಳು ಒಳಗೆ ರಾಶಿ ಬೀಳುತ್ತವೆ. ಕೋಶಕೇಂದ್ರಕ್ಕೆ ಒಳಗಿನ ಸ್ಥಿತಿ ತಿಳಿಯಲೇಬೇಕು. ಯೀಸ್ಟ್‌ನಲ್ಲಿ ಇಂಥ ಹಿಮ್ಮುಖ ಸಂದೇಶ ಇದೆಯೆಂದು ಡಲ್ಲಾಸ್‌ನಲ್ಲಿ ರೊನಾಲ್ಡ್ ಬ್ಯೂಟೋ ಅವರ ಗುಂಪು 1980ರ ದಶಕದಲ್ಲೇ ತೋರಿಸಿತ್ತು. ಹುಳುವಿನಲ್ಲಿ ಎಚ್‌ಎಸ್‌ಪಿ-6, ಎಚ್‌ಎಸ್‌ಪಿ-60 (ಇನ್ನೊಂದು ಮೈಟೊಕಾಂಡ್ರಿಯ ಶಾಪರೋನ್) ವರದಿಗಾರ ತಳಿಗಳು, ಅಂದರೆ ಆ ಜೀನ್ ಎದ್ದಾಗ ಹೊಳೆದು ತೋರಿಸುವ ಹುಳುಗಳು, ಬಂದದ್ದು 2004ರಲ್ಲಿ, ಡೇವಿಡ್ ರಾನ್ ಅವರ ಪ್ರಯೋಗಾಲಯದಿಂದ.

ಹುಳುವಿನಲ್ಲಿ ಸುದ್ದಿ ಒಯ್ಯುವ ಮುಖ್ಯ ಪ್ರೋಟೀನ್ ಎಟಿಎಫ್‌ಎಸ್-1. ಇದು ಎರಡು ವಿಳಾಸ ಬರೆದ ಕಾಗದದ ಹಾಗೆ: ಮೂತಿಯಲ್ಲಿ ಮೈಟೊಕಾಂಡ್ರಿಯಕ್ಕೆ ಹೋಗುವ ಗುರುತು, ಇನ್ನೊಂದು ಕಡೆ ಕೋಶಕೇಂದ್ರಕ್ಕೆ ಹೋಗುವ ಗುರುತು. ಮೈಟೊಕಾಂಡ್ರಿಯ ಆರೋಗ್ಯವಾಗಿದ್ದಾಗ ಅದರ ಆಮದು ವ್ಯವಸ್ಥೆ ಎಟಿಎಫ್‌ಎಸ್-1 ಅನ್ನು ಒಳಗೆಳೆದುಕೊಳ್ಳುತ್ತದೆ, ಅಲ್ಲಿ ಲಾನ್ ಎಂಬ ಪ್ರೋಟಿಯೇಸ್ (ಪ್ರೋಟೀನ್ ಕತ್ತರಿಸುವ ಕಿಣ್ವ) ಅದನ್ನು ಕತ್ತರಿಸಿ ಮುಗಿಸುತ್ತದೆ. ಒಳಪೊರೆಯ ವಿದ್ಯುತ್ ವಿಭವ ಇಳಿದು ಆಮದು ಮಂದವಾದಾಗ ಒಳಗೆ ಹೋಗದ ಎಟಿಎಫ್‌ಎಸ್-1 ಕೋಶಕೇಂದ್ರ ಸೇರಿ ಜೀನ್‌ಗಳನ್ನು ಎಬ್ಬಿಸುತ್ತದೆ. ಇದನ್ನು ಕೋಲ್ ಹೇನ್ಸ್ ಅವರ ಗುಂಪು 2012ರಲ್ಲಿ ಪ್ರಕಟಿಸಿತು. ಎಟಿಎಫ್‌ಎಸ್-1ರ ಮೈಟೊಕಾಂಡ್ರಿಯ ಗುರುತು ಬೇರೆ ಪ್ರೋಟೀನ್‌ಗಳ ಗುರುತಿಗಿಂತ ದುರ್ಬಲ. ಹಾಗಾಗಿ ಆಮದು ಸ್ವಲ್ಪ ಕುಂಟಿದರೂ ಮೊದಲು ಹೊರಗುಳಿಯುವುದು ಇದೇ. ಪ್ರಯೋಗ ಮಾಡುವವರು ನೆನಪಿಡಬೇಕಾದ ಅಂಶ ಇದು: ನಾವು ಅಳೆಯುತ್ತಿರುವುದು ಆಮದಿನ ದಕ್ಷತೆಯನ್ನು. ಮೈಟೊಕಾಂಡ್ರಿಯದ ಯಾವ ಕಾಯಿಲೆಯಾದರೂ ಆಮದನ್ನು ಮುಟ್ಟದಿದ್ದರೆ ಈ ದಾರಿಯಲ್ಲಿ ಸುದ್ದಿ ಹೋಗದೇ ಇರಬಹುದು.

ಇನ್ನು ಕೆಲಸ. ತಳಿಗಳು ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ತಳಿ ಭಂಡಾರದಿಂದ ಸಿಗುತ್ತವೆ. ಎಸ್‌ಜೆ4100 ಎಚ್‌ಎಸ್‌ಪಿ-6 ಜಿಎಫ್‌ಪಿ ಇರುವ ತಳಿ, ಎಸ್‌ಜೆ4058 ಎಚ್‌ಎಸ್‌ಪಿ-60ರದ್ದು. ಇವುಗಳ ಜೊತೆಗೆ ಎಸ್‌ಜೆ4005 ಕೂಡ ತರಿಸಿಕೊಳ್ಳಿ. ಅದು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನ (ಕೋಶದಲ್ಲಿ ಪ್ರೋಟೀನ್ ಮಡಚುವ ಇನ್ನೊಂದು ಜಾಗ) ಒತ್ತಡಕ್ಕೆ ಹೊಳೆಯುವ ತಳಿ, ಹೋಲಿಕೆಗೆ ಬೇಕಾಗುತ್ತದೆ. ತಳಿ ಕೈಗೆ ಬಂದೊಡನೆ ಎರಡು ತಲೆಮಾರು ಹೊಟ್ಟೆತುಂಬ ಬೆಳೆಸಿ, ಆಹಾರ ಮುಗಿದು ಎಲ್1 (ಮೊಟ್ಟೆಯೊಡೆದ ಮೊದಲ ಹಂತದ) ಮರಿಗಳು ತುಂಬಿದ ಪ್ಲೇಟನ್ನು 15 ಶೇಕಡಾ ಗ್ಲಿಸರಾಲ್‌ನಲ್ಲಿ ಮೈನಸ್ 80ಕ್ಕೆ ಹಾಕಿಬಿಡಬೇಕು. ಈ ತಳಿಗಳಲ್ಲಿ ಜಿಎಫ್‌ಪಿ ಜೀನಿನ ಹಲವು ಪ್ರತಿಗಳು ಒಟ್ಟಿಗೆ ಸೇರಿಕೊಂಡಿರುತ್ತವೆ, ತಲೆಮಾರು ಉರುಳಿದಂತೆ ಅವು ಮಂಕಾಗಬಹುದು. ತಿಂಗಳುಗಟ್ಟಲೆ ಒಂದೇ ಪ್ಲೇಟಿನಿಂದ ತುಂಡು ಕತ್ತರಿಸಿ ಸಾಗಿಸುತ್ತ ಹೋದರೆ ಹೊಳಪು ಕಡಿಮೆಯಾದದ್ದಕ್ಕೆ ಕಾರಣ ಜೀವಶಾಸ್ತ್ರವೋ ಹಳೆಯ ತಳಿಯೋ ಗೊತ್ತಾಗುವುದಿಲ್ಲ.

ಮೈಟೊಕಾಂಡ್ರಿಯವನ್ನು ಕೆಡಿಸುವುದು ಆರ್‌ಎನ್‌ಎಐ, ಅಂದರೆ ಆರ್‌ಎನ್‌ಎ ಕೊಟ್ಟು ಬೇಕಾದ ಜೀನನ್ನು ಕುಗ್ಗಿಸುವ ವಿಧಾನದ ಮೂಲಕ. ಹುಳು ತಿನ್ನುವ ಬ್ಯಾಕ್ಟೀರಿಯಾದಲ್ಲೇ ಜೋಡಿ ಎಳೆಯ ಆರ್‌ಎನ್‌ಎ ತಯಾರಾಗುವಂತೆ ಮಾಡಿ ತಿನ್ನಿಸುವುದು. ಬ್ಯಾಕ್ಟೀರಿಯಾ ಎಚ್‌ಟಿ115, ಅದರೊಳಗೆ ಆರ್‌ಎನ್‌ಎಯ ಮಾದರಿ ಹೊತ್ತ ಪ್ಲಾಸ್ಮಿಡ್ (ಡಿಎನ್‌ಎ ಉಂಗುರ) ಎಲ್4440. ಯಾವ ಜೀನ್ ಆರಿಸಬೇಕು ಎಂಬುದಕ್ಕೆ ನನ್ನ ಉತ್ತರ ಖಚಿತ: ಮೊದಲಿಗೆ ಸಿಸಿಒ-1, ಎರಡನೆಯದಾಗಿ ಎಸ್‌ಪಿಜಿ-7. ಸಿಸಿಒ-1 ಕಾಂಪ್ಲೆಕ್ಸ್ 4ರ ಒಂದು ಭಾಗ, ಎಸ್‌ಪಿಜಿ-7 ಒಳಪೊರೆಯ ಪ್ರೋಟಿಯೇಸ್. ಎರಡೂ ಬೇರೆ ಬೇರೆ ರೀತಿ ಕೆಡಿಸುತ್ತವೆ, ಎರಡರಲ್ಲೂ ಒಂದೇ ಫಲ ಬಂದರೆ ನಂಬಿಕೆ ಬರುತ್ತದೆ. ಹೋಲಿಕೆಗೆ ಯಾವ ಜೀನೂ ಸೇರಿಸದ ಖಾಲಿ ಎಲ್4440, ಅಂದರೆ ಖಾಲಿ ವೆಕ್ಟರ್.

ಪ್ಲೇಟಿನ ಮಾಧ್ಯಮ ಹೀಗೆ. ಒಂದು ಲೀಟರಿಗೆ ಉಪ್ಪು, ಅಂದರೆ ಸೋಡಿಯಂ ಕ್ಲೋರೈಡ್, 3 ಗ್ರಾಂ, ಪೆಪ್ಟೋನ್ 2.5 ಗ್ರಾಂ, ಅಗಾರ್ 17 ಗ್ರಾಂ, ಡಿಸ್ಟಿಲ್ಡ್ ನೀರು 975 ಮಿಲಿಲೀಟರ್. ಆಟೋಕ್ಲೇವ್ ಮಾಡಿ 55 ಡಿಗ್ರಿಗೆ ಇಳಿಸಿ. ಆಮೇಲೆ ಈ ಕ್ರಮದಲ್ಲಿ, ಪ್ರತಿಯೊಂದನ್ನೂ ಹಾಕಿ ಚೆನ್ನಾಗಿ ತಿರುಗಿಸಿ: 1 ಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ 1 ಮಿಲಿಲೀಟರ್, ಎಥನಾಲ್‌ನಲ್ಲಿ ಕರಗಿಸಿದ ಕೊಲೆಸ್ಟರಾಲ್ (ಮಿಲಿಲೀಟರಿಗೆ 5 ಮಿಲಿಗ್ರಾಂ) 1 ಮಿಲಿಲೀಟರ್, 1 ಮೋಲಾರ್ ಮೆಗ್ನೀಸಿಯಂ ಸಲ್ಫೇಟ್ 1 ಮಿಲಿಲೀಟರ್, ಕೊನೆಗೆ ಪಿಎಚ್ 6.0 ಇರುವ 1 ಮೋಲಾರ್ ಪೊಟ್ಯಾಸಿಯಂ ಫಾಸ್ಫೇಟ್ 25 ಮಿಲಿಲೀಟರ್. ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಎರಡನ್ನೂ ತಿರುಗಿಸದೆ ಒಟ್ಟಿಗೆ ಸುರಿದರೆ ಬಿಳಿ ಗಸಿ ಕೂರುತ್ತದೆ, ಮೈಕ್ರೊಸ್ಕೋಪಿನಲ್ಲಿ ಮರಿಹುಳುವಿಗೂ ಗಸಿಗೂ ವ್ಯತ್ಯಾಸ ಕಾಣದೆ ತಲೆನೋವು. ಆರ್‌ಎನ್‌ಎಐ ಪ್ಲೇಟಿಗಾದರೆ ಇದರ ಮೇಲೆ ಬ್ಯಾಕ್ಟೀರಿಯಾದಲ್ಲಿ ಆರ್‌ಎನ್‌ಎ ತಯಾರಿಕೆ ಶುರು ಮಾಡಿಸುವ ಐಪಿಟಿಜಿ 1 ಮಿಲಿಮೋಲಾರ್, ಪ್ಲಾಸ್ಮಿಡ್ ಉಳಿಸುವ ಆಂಟಿಬಯಾಟಿಕ್ ಕಾರ್ಬೆನಿಸಿಲಿನ್ ಮಿಲಿಲೀಟರಿಗೆ 25ರಿಂದ 50 ಮೈಕ್ರೊಗ್ರಾಂ. ಆಂಪಿಸಿಲಿನ್ ಅಗ್ಗ ನಿಜ, ಆದರೆ ಪ್ಲೇಟಿನಲ್ಲಿ ಬೇಗ ಸಾಯುತ್ತದೆ. ಆಗ ಪ್ಲಾಸ್ಮಿಡ್ ಕಳೆದುಕೊಂಡ ಬ್ಯಾಕ್ಟೀರಿಯಾ ಮೇಲುಗೈ ಸಾಧಿಸುತ್ತದೆ, ಹುಳು ಹೊಟ್ಟೆ ತುಂಬ ತಿಂದರೂ ಆರ್‌ಎನ್‌ಎಐ ಆಗುವುದಿಲ್ಲ. 6 ಸೆಂಟಿಮೀಟರ್ ಪ್ಲೇಟಿಗೆ 10 ಮಿಲಿಲೀಟರ್ ಸುರಿದರೆ ಸಾಕು. ಎಲ್ಲ ಪ್ಲೇಟಿಗೂ ಒಂದೇ ಅಳತೆ ಇರಬೇಕು, ಇಲ್ಲದಿದ್ದರೆ ಹುಳು ನೋಡುವಾಗ ಪ್ರತಿ ಪ್ಲೇಟಿಗೂ ಫೋಕಸ್ ತಿರುಗಿಸುತ್ತ ಕೂರಬೇಕು. ತಯಾರಾದ ಪ್ಲೇಟುಗಳನ್ನು ಕತ್ತಲಲ್ಲಿ 4 ಡಿಗ್ರಿಯಲ್ಲಿಡಿ.

ಬ್ಯಾಕ್ಟೀರಿಯಾವನ್ನು ಕಾರ್ಬೆನಿಸಿಲಿನ್ ಇರುವ ಎಲ್‌ಬಿ ಎಂಬ ದ್ರವ ಆಹಾರದಲ್ಲಿ 37 ಡಿಗ್ರಿಯಲ್ಲಿ ರಾತ್ರಿಯಿಡೀ ಬೆಳೆಸಬೇಕು. ಎಚ್‌ಟಿ115ಕ್ಕೆ ಟೆಟ್ರಾಸೈಕ್ಲಿನ್ ತಾಳುವ ಶಕ್ತಿ ಇದೆಯೆಂದು ಕೆಲವರು ಈ ಹಂತದಲ್ಲೂ ಟೆಟ್ರಾಸೈಕ್ಲಿನ್ ಹಾಕುತ್ತಾರೆ. ತಳಿ ಶುದ್ಧ ಮಾಡುವ ಗೆರೆ ಪ್ಲೇಟಿಗೆ ಸರಿ, ತಿನ್ನಿಸುವ ಕಲ್ಚರ್‌ಗೆ ಬೇಡ, ಆರ್‌ಎನ್‌ಎಐ ಸಪ್ಪೆಯಾಗುತ್ತದೆ. ಪ್ಲೇಟಿಗೆ 200 ಮೈಕ್ರೊಲೀಟರ್ ಹಾಕಿ, ಕೋಣೆಯ ಉಷ್ಣತೆಯಲ್ಲಿ ಒಂದೆರಡು ದಿನ ಬಿಡಿ, ಐಪಿಟಿಜಿ ಆ ಹೊತ್ತಿಗೆ ತನ್ನ ಕೆಲಸ ಮಾಡಿರುತ್ತದೆ. ಪ್ರತಿ ಬ್ಯಾಚಿನಲ್ಲೂ ಸ್ನಾಯುವಿಗೆ ಬೇಕಾದ ಯುಎನ್‌ಸಿ-22 ಜೀನನ್ನು ಕುಗ್ಗಿಸುವ ಬ್ಯಾಕ್ಟೀರಿಯಾ ಕ್ಲೋನಿನ ಒಂದು ಪ್ಲೇಟ್ ಇಡುವ ಅಭ್ಯಾಸ ಒಳ್ಳೆಯದು. ಆರ್‌ಎನ್‌ಎಐ ನಡೆದರೆ ಹುಳುಗಳು ನಡುಗುತ್ತವೆ, ಕಡಿಮೆ ವರ್ಧನೆಯ ಸ್ಟೀರಿಯೊ ಮೈಕ್ರೊಸ್ಕೋಪಿನಲ್ಲೇ ಕಾಣುತ್ತದೆ. ನಡುಗದಿದ್ದರೆ ಆ ಬ್ಯಾಚಿನ ಉಳಿದ ಪ್ಲೇಟುಗಳಿಂದ ಬಂದ ಯಾವ ಅಂಕಿಯನ್ನೂ ಬರೆದುಕೊಳ್ಳಬೇಡಿ. ಸಿಸಿಒ-1 ಕ್ಲೋನನ್ನು ಒಮ್ಮೆ ಸೀಕ್ವೆನ್ಸಿಂಗ್‌ಗೆ ಕಳಿಸಿ ಖಾತ್ರಿ ಮಾಡಿಕೊಳ್ಳುವುದಂತೂ ಕಡ್ಡಾಯ. ಕ್ಲೋನ್‌ಗಳ ಸಂಗ್ರಹವಾದ ಲೈಬ್ರರಿಯ ಗುಳಿಗಳಲ್ಲಿ ಹೆಸರೊಂದು, ಒಳಗೆ ಇನ್ನೊಂದು ಇರುವುದು ಅಪರೂಪವಲ್ಲ.

ಎಲ್ಲ ಹುಳುಗಳೂ ಒಂದೇ ವಯಸ್ಸಿನವಾಗಿರಬೇಕು. ಮೊಟ್ಟೆ ತುಂಬಿದ ಹುಳುಗಳನ್ನು ನೀರಿನಲ್ಲಿ ತೊಳೆದು 3.5 ಮಿಲಿಲೀಟರಿಗೆ ತನ್ನಿ. ಬೇರೆ ಟ್ಯೂಬಿನಲ್ಲಿ 5 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ಅರ್ಧ ಮಿಲಿಲೀಟರ್, ಬ್ಲೀಚ್ ಅಂದರೆ ಸುಮಾರು 5 ಶೇಕಡಾ ಸೋಡಿಯಂ ಹೈಪೋಕ್ಲೋರೈಟ್ 1 ಮಿಲಿಲೀಟರ್, ಆಗಷ್ಟೇ ಬೆರೆಸಿ ಹುಳುಗಳಿಗೆ ಸೇರಿಸಿ ಅಲ್ಲಾಡಿಸಿ. ಆಗಾಗ ಸ್ಟೀರಿಯೊದಲ್ಲಿ ನೋಡುತ್ತಿರಿ: ಮೊದಲು ಹುಳುಗಳು ನಡುವಿನಲ್ಲಿ ತುಂಡಾಗುತ್ತವೆ, ಆಮೇಲೆ ಮೈ ಕರಗಿ ಬರೀ ಮೊಟ್ಟೆ ಉಳಿಯುತ್ತವೆ. ಇದಕ್ಕೆ 5ರಿಂದ 7 ನಿಮಿಷ ಬೇಕು. ಮೈ ಪೂರ್ತಿ ಕರಗಲಿ ಎಂದು ಕಾಯುತ್ತ ಕುಳಿತರೆ ಮೊಟ್ಟೆಯೂ ಸಾಯುತ್ತದೆ. ಕೆಲವು ತುಂಡು ಉಳಿದಿರುವಾಗಲೇ ಎಂ9 ಬಫರ್ (ಉಪ್ಪಿನ ದ್ರಾವಣ) ತುಂಬಿಸಿ, ಸೆಂಟ್ರಿಫ್ಯೂಜಿನಲ್ಲಿ 1,300 ಜಿಯಲ್ಲಿ ಒಂದು ನಿಮಿಷ ತಿರುಗಿಸಿ, ಮೂರು ಸಲ ತೊಳೆಯಿರಿ. ಬ್ಲೀಚ್ ಬಾಟಲಿ ನಮ್ಮ ಬೇಸಿಗೆಯಲ್ಲಿ ಬೆಂಚಿನ ಮೇಲೇ ಇದ್ದರೆ ಬಲ ಕಳೆದುಕೊಳ್ಳುತ್ತದೆ, 4 ಡಿಗ್ರಿಯಲ್ಲಿ ಕತ್ತಲಲ್ಲಿಟ್ಟು ತೆರೆದ ತಾರೀಕು ಬರೆದಿಡಿ. ಮೊಟ್ಟೆಗಳನ್ನು ಆಹಾರವಿಲ್ಲದ ಎಂ9ನಲ್ಲಿ 20 ಡಿಗ್ರಿಯಲ್ಲಿ ರಾತ್ರಿ ಮೆಲ್ಲಗೆ ತಿರುಗುವಂತೆ ಬಿಟ್ಟರೆ ಬೆಳಗ್ಗೆ ಎಲ್ಲವೂ ಎಲ್1 ಹಂತದಲ್ಲಿ ನಿಂತಿರುತ್ತವೆ. 24 ಗಂಟೆ ದಾಟಿಸಬೇಡಿ. ಉಪವಾಸದ ಅವಧಿ ಒಂದೊಂದು ಸಲ ಒಂದೊಂದಾದರೆ ಪ್ರಯೋಗಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಲಾಗದು. 10 ಮೈಕ್ರೊಲೀಟರ್ ಹನಿಗಳಲ್ಲಿ ಮರಿಗಳನ್ನು ಎಣಿಸಿ, 6 ಸೆಂಟಿಮೀಟರ್ ಪ್ಲೇಟಿಗೆ 50ರಿಂದ 100 ಹಾಕಿ.

ಎಲ್1ನಿಂದಲೇ ಹಾಕಬೇಕು ಎನ್ನುವುದಕ್ಕೆ ಕಾರಣವಿದೆ. ಆಂಡ್ರ್ಯೂ ಡಿಲ್ಲಿನ್ ಮತ್ತು ಸಂಗಡಿಗರು 2002ರಲ್ಲಿ ತೋರಿಸಿದ ಹಾಗೆ, ಉಸಿರಾಟದ ಸರಪಳಿಯನ್ನು ಮರಿಯಾಗಿದ್ದಾಗಲೇ ಕುಗ್ಗಿಸಿದರೆ ಹುಳುವಿನ ಆಯಸ್ಸು ಹೆಚ್ಚುತ್ತದೆ, ದೊಡ್ಡದಾದ ಮೇಲೆ ಕುಗ್ಗಿಸಿದರೆ ಹೆಚ್ಚುವುದಿಲ್ಲ. ಸಿಸಿಒ-1ರಿಂದ ಬರುವ ಎಚ್‌ಎಸ್‌ಪಿ-6 ಹೊಳಪಿಗೂ ಇಂಥದೇ ಗಡುವು ಇದೆ, ಎಲ್4, ಅಂದರೆ ಮರಿಯ ಕೊನೆಯ ಹಂತ, ದಾಟಿದ ಹುಳುವಿಗೆ ಅದೇ ಬ್ಯಾಕ್ಟೀರಿಯಾ ತಿನ್ನಿಸಿ ಹೊಳಪಿಗಾಗಿ ಕಾಯುವುದು ವ್ಯರ್ಥ.

ಉಷ್ಣತೆ 20 ಡಿಗ್ರಿ. ನಮ್ಮ ಕಡೆ ಬರೀ ಬಿಸಿ ಮಾಡುವ ಇನ್‌ಕ್ಯುಬೇಟರ್ ಪ್ರಯೋಜನಕ್ಕೆ ಬಾರದು, ತಂಪು ಮಾಡುವ ಬಿಒಡಿ ಇನ್‌ಕ್ಯುಬೇಟರೇ ಬೇಕು. ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲೂ ಕೋಣೆ 30 ಡಿಗ್ರಿ ಮುಟ್ಟುತ್ತದೆ, ಈ ಹುಳುವಿಗೆ 25ರ ಮೇಲೆ ಒತ್ತಡ ಶುರು. ಡಿಸ್ಪ್ಲೇ ತೋರಿಸುವ ಅಂಕಿಯನ್ನು ನಂಬದೆ ಪ್ಲೇಟುಗಳಿರುವ ತಟ್ಟೆಯ ಮೇಲೇ ಒಂದು ಥರ್ಮಾಮೀಟರ್ ಇಡಿ; ಮೇಲಿನ ತಟ್ಟೆಗೂ ಕೆಳಗಿನದಕ್ಕೂ ಒಂದೆರಡು ಡಿಗ್ರಿ ವ್ಯತ್ಯಾಸ ಇರುವುದುಂಟು. ಖಾಲಿ ಎಲ್4440 ಒಂದು ತಟ್ಟೆಯಲ್ಲಿ, ಸಿಸಿಒ-1 ಇನ್ನೊಂದರಲ್ಲಿ ಇಟ್ಟರೆ ಉಷ್ಣತೆಯ ವ್ಯತ್ಯಾಸವನ್ನೇ ಅಳೆದಂತಾಗುತ್ತದೆ.

ಮಳೆಗಾಲದಲ್ಲಿ ಬೂಸ್ಟಿನ ಕಾಟ. ಬೂಸ್ಟು ಕಣ್ಣಿಗೆ ಕಾಣುತ್ತದೆ, ಎಸೆಯಬಹುದು. ಕಾಣದಂತೆ ಸೇರಿಕೊಳ್ಳುವ ಬೇರೆ ಬ್ಯಾಕ್ಟೀರಿಯಾ ಹೆಚ್ಚು ಅಪಾಯ. ಸ್ಯೂಡೊಮೋನಾಸ್ ಎರುಜಿನೋಸದಂಥ ರೋಗಾಣು ತಾನೇ ಹುಳುವಿನ ಮೈಟೊಕಾಂಡ್ರಿಯವನ್ನು ಹೊಡೆದು ಎಟಿಎಫ್‌ಎಸ್-1 ದಾರಿಯನ್ನು ತೆರೆಸುತ್ತದೆ ಎಂದು 2014ರಲ್ಲೇ ಗೊತ್ತಾಗಿದೆ. ಖಾಲಿ ವೆಕ್ಟರ್ ಪ್ಲೇಟಿನಲ್ಲಿ ಅಲ್ಲೊಂದು ಇಲ್ಲೊಂದು ಹುಳು ಹೊಳೆಯತೊಡಗಿದರೆ ಮೊದಲು ಅನುಮಾನಿಸಬೇಕಾದ್ದು ಇದನ್ನು. ಬ್ಲೀಚ್ ಮಾಡಿ ತೊಳೆದು, ಎರಡು ತಲೆಮಾರು ಶುದ್ಧ ಆಹಾರದಲ್ಲಿ ಬೆಳೆಸಿದ ಮೇಲೆಯೇ ಆ ತಳಿಯನ್ನು ಮತ್ತೆ ಬಳಸಿ.

ಈಗ ಎಲ್ಲಕ್ಕಿಂತ ಹೆಚ್ಚು ಪ್ರಯೋಗಗಳು ಮುಗ್ಗರಿಸುವ ಜಾಗ. ಸಿಸಿಒ-1 ತಿಂದ ಹುಳು ನಿಧಾನ ಬೆಳೆಯುತ್ತದೆ, ಸುಮಾರು ಒಂದು ದಿನ ಹಿಂದೆ ಬೀಳುತ್ತದೆ, ಗಾತ್ರವೂ ಚಿಕ್ಕದು. ಗಡಿಯಾರ ನೋಡಿ 72 ಗಂಟೆಗೆ ಎರಡೂ ಗುಂಪಿನ ಚಿತ್ರ ತೆಗೆದರೆ ಒಂದು ಕಡೆ ಮೊಟ್ಟೆ ತುಂಬಿದ ದೊಡ್ಡ ಹುಳು, ಇನ್ನೊಂದು ಕಡೆ ಎಲ್4 ದಾಟಿದ ಎಳೆಯದು. ಎಚ್‌ಎಸ್‌ಪಿ-6 ಹೊಳಪಿನ ಸಹಜ ಮಟ್ಟವೂ ವಯಸ್ಸಿನೊಡನೆ ಬದಲಾಗುತ್ತದೆ. ಆದ್ದರಿಂದ ಹೋಲಿಕೆ ಹಂತದ ಲೆಕ್ಕದಲ್ಲಿ ಇರಬೇಕು. ಹೊಟ್ಟೆಯ ಮಧ್ಯದಲ್ಲಿ ಯೋನಿಯ ಜಾಗದಲ್ಲಿ ಬಿಳಿ ಅರ್ಧಚಂದ್ರ ಕಂಡರೆ ಅದು ಎಲ್4. ಖಾಲಿ ವೆಕ್ಟರ್ ಹುಳುಗಳು ಆ ಹಂತಕ್ಕೆ ಬಂದ ದಿನ ಅವನ್ನು ಆರಿಸಿ, ಸಿಸಿಒ-1 ಹುಳುಗಳು ಬಂದ ದಿನ ಅವನ್ನು ಆರಿಸಿ, ತಲಾ ಒಂದು ದಿನದ ನಂತರ ಚಿತ್ರ ತೆಗೆಯುವುದು ಒಂದು ದಾರಿ. ಇನ್ನೊಂದು, ನನಗೆ ಹೆಚ್ಚು ಒಪ್ಪುವುದು: ಸಿಸಿಒ-1 ಪ್ಲೇಟುಗಳನ್ನು ಒಂದು ದಿನ ಮೊದಲೇ ಶುರು ಮಾಡಿ, ಎರಡನ್ನೂ ಒಂದೇ ದಿನ, ಒಂದೇ ಲ್ಯಾಂಪಿನಡಿ ನೋಡುವುದು. ಮೈಕ್ರೊಸ್ಕೋಪಿನ ಲ್ಯಾಂಪು ದಿನದಿಂದ ದಿನಕ್ಕೆ ಬೇರೆ ಬೆಳಕು ಕೊಡುತ್ತದೆ ಎಂಬುದನ್ನು ಮರೆಯಬಾರದು. ಹುಳು ತೀರ ಬಡವಾದರೆ ಸಿಸಿಒ-1 ಕಲ್ಚರನ್ನು ಖಾಲಿ ವೆಕ್ಟರ್ ಕಲ್ಚರಿನೊಡನೆ ಸಮಸಮ ಬೆರೆಸಿ ಸಡಿಲ ಮಾಡಿ. ಬೆರೆಸುವ ಮುನ್ನ ಎರಡರ ಸಾಂದ್ರತೆಯನ್ನು 600 ನ್ಯಾನೊಮೀಟರಿನಲ್ಲಿ ಅಳೆದು ಸಮ ಮಾಡಿಕೊಳ್ಳಬೇಕು.

ಚಿತ್ರಕ್ಕೆ ಹುಳುವನ್ನು ಅಲುಗಾಡದಂತೆ ನಿಲ್ಲಿಸಬೇಕು. ಹಲವರ ಕೈಗೆ ಮೊದಲು ಬರುವುದು ಸೋಡಿಯಂ ಅಜೈಡ್. ಅಜೈಡ್ ಕೆಲಸ ಮಾಡುವುದೇ ಕಾಂಪ್ಲೆಕ್ಸ್ 4 ಅನ್ನು ತಡೆದು! ಮೈಟೊಕಾಂಡ್ರಿಯದ ಒತ್ತಡ ಅಳೆಯುವ ಹುಳುವಿಗೆ ಮೈಟೊಕಾಂಡ್ರಿಯದ ವಿಷ ಕೊಡುವುದು ಸರಿ ಕಾಣುವುದಿಲ್ಲ. ಕೆಲವೇ ನಿಮಿಷದಲ್ಲಿ ಚಿತ್ರ ಮುಗಿಸಿದರೆ ಹೊಸ ಜಿಎಫ್‌ಪಿ ತಯಾರಾಗಿ ಅಂಕಿ ಕೆಡುವುದಿಲ್ಲ ಎಂಬುದು ನಿಜ, ಆದರೆ ಅದೇ ಹುಳುವಿನಲ್ಲಿ ಟಿಎಂಆರ್‌ಇ ಬಣ್ಣದಿಂದ ಪೊರೆಯ ವಿಭವ ನೋಡುವುದಿದ್ದರೆ, ಮೈಟೊಕಾಂಡ್ರಿಯದ ಆಕಾರ ನೋಡುವುದಿದ್ದರೆ ಎಲ್ಲ ಹಾಳು. ಲೆವಮಿಸೋಲ್ ಬಳಸಿ, 1ರಿಂದ 10 ಮಿಲಿಮೋಲಾರ್. ಅದು ಸ್ನಾಯುಗಳನ್ನು ಬಿಗಿಸಿ ಹಿಡಿಯುತ್ತದೆ, ಉಸಿರಾಟದ ಸರಪಳಿಯನ್ನು ನೇರವಾಗಿ ಮುಟ್ಟುವುದಿಲ್ಲ. 2 ಶೇಕಡಾ ಅಗರೋಸ್ ಪದರದ ಮೇಲೆ ಹುಳುಗಳನ್ನು ರೆಪ್ಪೆಗೂದಲು ಅಂಟಿಸಿದ ಕಡ್ಡಿಯಿಂದ ಸಾಲಾಗಿ ಒತ್ತರಿಸಿ, ಎಲ್ಲದರ ತಲೆ ಒಂದೇ ಕಡೆಗೆ.

ಹುಳುಗಳನ್ನು ಆರಿಸುವಾಗ ಜಿಎಫ್‌ಪಿಯನ್ನು ಹೊಳೆಯಿಸುವ ನೀಲಿ ಬೆಳಕು ಹಚ್ಚಬಾರದು. ಸಾದಾ ಬೆಳಕಿನಲ್ಲಿ, ಹಂತವನ್ನಷ್ಟೇ ನೋಡಿ ಹುಳು ಎತ್ತಬೇಕು. ಹೊಳಪು ನೋಡುತ್ತ ಆರಿಸಿದರೆ ಕೈ ತಾನಾಗಿ ಹೊಳೆಯುವುದನ್ನೇ ಎತ್ತುತ್ತದೆ. ಸಾಧ್ಯವಾದರೆ ಪ್ಲೇಟಿನ ಮೇಲಿನ ಹೆಸರು ಮುಚ್ಚಿ ಇನ್ನೊಬ್ಬರಿಂದ ಸಂಖ್ಯೆ ಬರೆಸಿಕೊಳ್ಳಿ. ಎಕ್ಸ್‌ಪೋಶರ್ ಅನ್ನು ಅತಿ ಹೆಚ್ಚು ಹೊಳೆಯುವ ಗುಂಪಿನ ಮೇಲೆ ನಿಗದಿ ಮಾಡಿ, 16 ಬಿಟ್ ಚಿತ್ರದಲ್ಲಿ ಯಾವ ಬಿಂದುವೂ 65,535 ಮುಟ್ಟದಂತೆ. ಮಬ್ಬು ಗುಂಪಿನ ಮೇಲೆ ನಿಗದಿ ಮಾಡಿದರೆ ಹೊಳೆಯುವ ಗುಂಪು ಮೇಲೆ ಹೋಗಿ ಚಪ್ಪಟೆಯಾಗುತ್ತದೆ, ಹತ್ತು ಪಟ್ಟು ಏರಿಕೆ ಮೂರು ಪಟ್ಟಿನಂತೆ ಕಾಣುತ್ತದೆ. ಜಿಎಫ್‌ಪಿ ಇಲ್ಲದ ಎನ್2 ಎಂಬ ಮಾಮೂಲಿ ತಳಿಯ ಹುಳುಗಳದ್ದೂ ಅದೇ ಎಕ್ಸ್‌ಪೋಶರಿನಲ್ಲಿ ಒಂದು ಚಿತ್ರ ಇರಲಿ. ಕರುಳಿನ ಕಣಗಳಿಗೆ ಸ್ವಂತ ಹೊಳಪಿದೆ, ವಯಸ್ಸಾದಂತೆ ಅದು ಹೆಚ್ಚುತ್ತದೆ. ಫಿಜಿ ತಂತ್ರಾಂಶದಲ್ಲಿ ಹುಳುವಿನ ಸುತ್ತ ಗೆರೆ ಎಳೆದು, ಸರಾಸರಿ ತೀವ್ರತೆ ತೆಗೆದು, ಪಕ್ಕದ ಖಾಲಿ ಜಾಗದ ಬೆಳಕನ್ನು ಕಳೆಯಿರಿ. ಒಟ್ಟು ತೀವ್ರತೆ ಬೇಡ, ಗಾತ್ರದಲ್ಲಿ ಚಿಕ್ಕದಾದ ಸಿಸಿಒ-1 ಹುಳುವಿಗೆ ಅನ್ಯಾಯವಾಗುತ್ತದೆ. ಗುಂಪಿಗೆ 20 ಹುಳು, ಬೇರೆ ಬೇರೆ ದಿನ ಬ್ಲೀಚ್‌ನಿಂದ ಶುರು ಮಾಡಿದ ಮೂರು ಪ್ರಯೋಗ. ಲೆಕ್ಕ ಹಾಕುವಾಗ ಎನ್ (ಮಾದರಿಗಳ ಸಂಖ್ಯೆ) ಅಂದರೆ ಮೂರು, ಅರವತ್ತಲ್ಲ. ಒಂದೇ ಪ್ಲೇಟಿನ ಅರವತ್ತು ಹುಳುಗಳನ್ನು ಅರವತ್ತು ಸಾಕ್ಷಿಗಳೆಂದು ಬರೆದು ಪಿ ಮೌಲ್ಯವನ್ನು ಸೊನ್ನೆಗೆ ಇಳಿಸುವುದು ಈ ಕ್ಷೇತ್ರದ ಹಳೇ ಚಾಳಿ.

ಹೊಳಪು ಬಂತು. ಅದು ಎಟಿಎಫ್‌ಎಸ್-1 ಹೊತ್ತ ಸುದ್ದಿಯೇ? ಇದಕ್ಕೆ ಸಿಸಿಒ-1 ಮತ್ತು ಎಟಿಎಫ್‌ಎಸ್-1 ಕಲ್ಚರುಗಳನ್ನು ಸಮಸಮ ಬೆರೆಸಿ ತಿನ್ನಿಸಿ. ಹೋಲಿಕೆಗೆ ಸಿಸಿಒ-1 ಜೊತೆ ಅಷ್ಟೇ ಖಾಲಿ ವೆಕ್ಟರ್ ಇರಬೇಕು, ಬರೀ ಸಿಸಿಒ-1 ಅಲ್ಲ. ಇಲ್ಲದಿದ್ದರೆ ಹೊಳಪು ಇಳಿದದ್ದು ಸಿಸಿಒ-1 ಅರ್ಧವಾದದ್ದಕ್ಕೋ ಎಟಿಎಫ್‌ಎಸ್-1 ಹೋದದ್ದಕ್ಕೋ ತಿಳಿಯದು. ಎಟಿಎಫ್‌ಎಸ್-1 ಇಲ್ಲದ ಹುಳು ಎಸ್‌ಪಿಜಿ-7 ಕುಗ್ಗಿದಾಗ ಬೆಳೆಯುವುದನ್ನೇ ನಿಲ್ಲಿಸಿಬಿಡುತ್ತದೆ. ಅದು ಸುದ್ದಿಯ ಮಹತ್ವಕ್ಕೆ ಪುರಾವೆ ಹೌದು, ಆದರೆ ಬೆಳೆಯದ ಹುಳುವಿನಲ್ಲಿ ಹೊಳಪಿಲ್ಲ ಎಂದು ಗ್ರಾಫ್ ಬರೆಯುವಂತಿಲ್ಲ. ಸಿಸಿಒ-1 ಸಡಿಲ ಮಾಡಿ ಬಳಸಿ, ಎಲ್ಲ ಗುಂಪೂ ಒಂದೇ ಹಂತಕ್ಕೆ ಬಂದಾಗ ನೋಡಿ. ಎದುರು ದಿಕ್ಕಿನ ಪರೀಕ್ಷೆಗೆ ಇಟಿ15 ರೂಪಾಂತರ ಇದೆ, ಅದರಲ್ಲಿ ಎಟಿಎಫ್‌ಎಸ್-1ರ ಮೈಟೊಕಾಂಡ್ರಿಯ ಗುರುತು ಕೆಟ್ಟಿರುವುದರಿಂದ ಯಾವ ಒತ್ತಡವಿಲ್ಲದೆಯೂ ದಾರಿ ತೆರೆದೇ ಇರುತ್ತದೆ. ನೀವು ಪರೀಕ್ಷಿಸುತ್ತಿರುವ ಔಷಧಿಯೋ ಜೀನೋ ಇಟಿ15ರ ಹೊಳಪನ್ನೂ ಆರಿಸಿದರೆ ಅದರ ಕೆಲಸ ಮೈಟೊಕಾಂಡ್ರಿಯದ ಆಮದಿನ ಆಚೆ, ಕೋಶಕೇಂದ್ರದ ಕಡೆ ಎಂದರ್ಥ.

ಹೊಳಪನ್ನು ಆರಿಸುವ ಔಷಧಿ ಸಿಕ್ಕಿತು ಎಂದು ಸಂಭ್ರಮಿಸುವ ಮುನ್ನ ಇನ್ನೊಂದು ಪರೀಕ್ಷೆ. ಒಟ್ಟಾರೆ ಪ್ರೋಟೀನ್ ತಯಾರಿಕೆಯನ್ನೇ ತಡೆಯುವ ಯಾವ ವಸ್ತುವಾದರೂ ಜಿಎಫ್‌ಪಿಯನ್ನು ಆರಿಸುತ್ತದೆ. ಜಿಎಫ್‌ಪಿ ಬಣ್ಣ ತಳೆಯಲು ಆಮ್ಲಜನಕವೂ ಬೇಕು. ಎಸ್‌ಜೆ4005 ಹುಳುಗಳಿಗೆ ಮಿಲಿಲೀಟರಿಗೆ 5 ಮೈಕ್ರೊಗ್ರಾಂ ಟ್ಯೂನಿಕಾಮೈಸಿನ್ (ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ಗೆ ಒತ್ತಡ ತರುವ ರಾಸಾಯನಿಕ) ಕೊಟ್ಟು ಅದೇ ಔಷಧಿ ಹಾಕಿ ನೋಡಿ. ಅಲ್ಲೂ ಹೊಳಪು ಆರಿದರೆ ಔಷಧಿ ಮೈಟೊಕಾಂಡ್ರಿಯದ ಸುದ್ದಿಯನ್ನು ತಡೆದಿಲ್ಲ, ಇಡೀ ಕೋಶದ ಕೈ ಕಟ್ಟಿದೆ.

ಆರ್‌ಎನ್‌ಎಐ ಬದಲು ರಾಸಾಯನಿಕ ಬಳಸುವವರಿಗೆ ಎರಡು ಮಾತು. ಡಾಕ್ಸಿಸೈಕ್ಲಿನ್ ಮೈಟೊಕಾಂಡ್ರಿಯದ ರೈಬೋಸೋಮನ್ನು ತಡೆಯುತ್ತದೆ, ಕೋಶಕೇಂದ್ರದ ಕಡೆಯ ಬಿಡಿಭಾಗಗಳು ಬರುತ್ತಲೇ ಇರುತ್ತವೆ, ಲೆಕ್ಕ ತಪ್ಪುತ್ತದೆ. ಮಿಲಿಲೀಟರಿಗೆ 15ರಿಂದ 60 ಮೈಕ್ರೊಗ್ರಾಂ ಬಳಕೆಯಲ್ಲಿದೆ. ಮಾಮೂಲಿ ಆಹಾರವಾದ ಒಪಿ50 ಬ್ಯಾಕ್ಟೀರಿಯಾ ಈ ಪ್ಲೇಟಿನಲ್ಲಿ ಬೆಳೆಯುವುದೇ ಇಲ್ಲ, ಹುಳು ಉಪವಾಸ ಬಿದ್ದು ನಿಧಾನವಾದದ್ದನ್ನು ಔಷಧಿಯ ಫಲವೆಂದು ತಿಳಿಯುವ ಅಪಾಯವಿದೆ. ಎಚ್‌ಟಿ115 ಟೆಟ್ರಾಸೈಕ್ಲಿನ್ ಬಳಗವನ್ನು ತಾಳುತ್ತದೆ, ಅದನ್ನೇ ಹಾಕಿ, ಪ್ಲೇಟನ್ನು ಬೆಳಕಿನಿಂದ ಮುಚ್ಚಿಡಿ. ಫಲ ನಿಜವೇ ಎಂದು ಪ್ರೋಟೀನಿನ ಪ್ರಮಾಣ ತೋರಿಸುವ ವೆಸ್ಟರ್ನ್ ಬ್ಲಾಟ್‌ನಲ್ಲಿ ನೋಡಬಹುದು: ಮೈಟೊಕಾಂಡ್ರಿಯದ ಡಿಎನ್‌ಎಯಿಂದ ಬರುವ ಎಂಟಿಸಿಒ1 ಇಳಿದು, ಕೋಶಕೇಂದ್ರದಿಂದ ಬರುವ ಎಟಿಪಿ5ಎ ಹಾಗೇ ಇರಬೇಕು. ಇನ್ನು ಪ್ಯಾರಾಕ್ವಾಟ್, 0.5 ಮಿಲಿಮೋಲಾರ್. ಎಚ್‌ಎಸ್‌ಪಿ-6 ಹೊಳೆಯುತ್ತದೆ, ಆದರೆ ಆಕ್ಸಿಡೇಟಿವ್ ಒತ್ತಡದ ಎಸ್‌ಕೆಎನ್-1 ದಾರಿಯೂ ಒಟ್ಟಿಗೇ ತೆರೆಯುತ್ತದೆ. ಮೈಟೊಕಾಂಡ್ರಿಯದ ಸುದ್ದಿಯನ್ನಷ್ಟೇ ಬೇರ್ಪಡಿಸಿ ನೋಡಬೇಕಾದಲ್ಲಿ ಅದನ್ನು ನಾನು ಆರಿಸುವುದಿಲ್ಲ. ಮನುಷ್ಯನಿಗೂ ಮಾರಕ ವಿಷ, ಪುಡಿ ತೂಗುವಾಗ ಕೈಗವಸು, ಮುಖಕ್ಕೆ ಮಾಸ್ಕ್, ಫ್ಯೂಮ್ ಹುಡ್ ಬೇಕೇ ಬೇಕು.

ಜಿಎಫ್‌ಪಿ ಒಮ್ಮೆ ತಯಾರಾದರೆ ಬೇಗ ಕರಗುವುದಿಲ್ಲ. ಸುದ್ದಿ ನಿಂತ ಮೇಲೂ ಹುಳು ಹೊಳೆಯುತ್ತಲೇ ಇರಬಹುದು. ಯಾವಾಗ ಶುರುವಾಯಿತು, ಯಾವಾಗ ನಿಂತಿತು ಎಂಬ ಪ್ರಶ್ನೆಗೆ ಆರ್‌ಎನ್‌ಎಯ ಪ್ರಮಾಣ ಅಳೆಯುವ ಕ್ಯುಪಿಸಿಆರ್ ಮಾಡಲೇಬೇಕು. ಸಾವಿರದಷ್ಟು ಹುಳು, ಆರ್‌ಎನ್‌ಎ ತೆಗೆಯುವ ಟ್ರೈಜಾಲ್, ದ್ರವ ಸಾರಜನಕದಲ್ಲಿ ಮೂರ್ನಾಲ್ಕು ಸಲ ಹೆಪ್ಪುಗಟ್ಟಿಸಿ ಕರಗಿಸಿದರೆ ಗಟ್ಟಿ ಚರ್ಮ ಒಡೆಯುತ್ತದೆ. ಬೆರೆತ ಡಿಎನ್‌ಎಯನ್ನು ಕತ್ತರಿಸುವ ಡಿಎನ್‌ಏಸ್ ಹಾಕದೆ ಬಿಡಬೇಡಿ. ಎಚ್‌ಎಸ್‌ಪಿ-6, ಎಚ್‌ಎಸ್‌ಪಿ-60 ಎರಡನ್ನೂ ನೋಡಿ. ಹೋಲಿಕೆಯ ಜೀನಾಗಿ ಆಕ್ಟಿನ್ ಒಂದನ್ನೇ ನಂಬದೆ ಪಿಎಂಪಿ-3 ಮತ್ತು ಸಿಡಿಸಿ-42 ಸೇರಿಸಿ. ಮೊಟ್ಟೆ ತುಂಬಿದ ಹುಳುಗಳಿದ್ದರೆ ಅಳೆಯುವ ಆರ್‌ಎನ್‌ಎಯಲ್ಲಿ ದೊಡ್ಡ ಪಾಲು ಭ್ರೂಣದ್ದು ಎಂಬುದು ನೆನಪಿರಲಿ, ಎಲ್4 ಅಥವಾ ಆಗಷ್ಟೇ ದೊಡ್ಡದಾದ ಹಂತವೇ ವಾಸಿ.

ಸುದ್ದಿ ಕೋಶಕೇಂದ್ರದ ಒಳಗೆ ಹೋಗಿ ಏನು ಮಾಡಿತು ಎಂಬುದನ್ನು ಕಣ್ಣಾರೆ ನೋಡಲು ಎಸ್‌ಜೆ4197 ತಳಿ ಚೆನ್ನ. ಅದರಲ್ಲಿ ಈ ಸುದ್ದಿ ಬಂದಾಗ ಜೀನ್‌ಗಳನ್ನು ಎಬ್ಬಿಸಲು ನೆರವಾಗುವ ಡಿವಿಇ-1 ಪ್ರೋಟೀನಿಗೇ ಜಿಎಫ್‌ಪಿ ಅಂಟಿದೆ. ಕರುಳಿನಲ್ಲಿ ಇರುವುದು 20 ಜೀವಕೋಶಗಳು, ಅವುಗಳ ಕೋಶಕೇಂದ್ರಗಳು ದೊಡ್ಡವು, ಎಣಿಸಲು ಸಲೀಸು. ಒತ್ತಡವಿಲ್ಲದ ಹುಳುವಿನಲ್ಲಿ ಮಸುಕಾದ ಹೊಳಪು. ಸಿಸಿಒ-1 ಕುಗ್ಗಿದಾಗ ಕೋಶಕೇಂದ್ರದೊಳಗೆ ಡಿವಿಇ-1 ಒಟ್ಟುಗೂಡಿ ಚುಕ್ಕಿ ಚುಕ್ಕಿಯಾಗಿ ಕಾಣುತ್ತದೆ. 63 ಪಟ್ಟಿನ ಎಣ್ಣೆ ಆಬ್ಜೆಕ್ಟಿವ್ ಇದ್ದರೆ ಸಾಕು. ಕ್ರೊಮ್ಯಾಟಿನ್ (ಪ್ರೋಟೀನ್‌ಗಳಿಗೆ ಸುತ್ತಿಕೊಂಡ ಡಿಎನ್‌ಎ) ಸಡಿಲ ಬಿಗಿಯಾಗುವ ಈ ಹಂತದಲ್ಲಿ ಎಂಇಟಿ-2, ಎಲ್‌ಐಎನ್-65 ಎಂಬ ಪ್ರೋಟೀನ್‌ಗಳು ಬೇಕೆಂದು 2016ರಲ್ಲಿ ಗೊತ್ತಾಯಿತು. ಎಚ್‌ಎಸ್‌ಪಿ-6 ಹೊಳೆಯದೆ ಡಿವಿಇ-1 ಮಾತ್ರ ಒಳಗೆ ಸೇರಿಕೊಂಡಿದ್ದರೆ ಸುದ್ದಿ ಮುಟ್ಟಿದೆ, ಮುಂದೆ ಎಲ್ಲೋ ಸಿಕ್ಕಿಕೊಂಡಿದೆ.

ಮನುಷ್ಯನ ಕೋಶಗಳಲ್ಲಿ ಇದೇ ಪ್ರಯೋಗ ಮಾಡಹೊರಟವರು ಎಚ್‌ಎಸ್‌ಪಿ60 ಒಂದನ್ನೇ ನೋಡುತ್ತ ಕೂರಬೇಡಿ. ಅಲ್ಲಿ ಮುಖ್ಯವಾಗಿ ಎದ್ದು ಕಾಣುವ ದಾರಿ ಬೇರೆ. ಒಳಪೊರೆಯ ಒಎಂಎ1 ಎಂಬ ಪ್ರೋಟಿಯೇಸ್ ಡಿಇಎಲ್‌ಇ1 ಅನ್ನು ಕತ್ತರಿಸುತ್ತದೆ, ತುಂಡು ಸೈಟೊಸಾಲ್‌ಗೆ ಬಂದು ಎಚ್‌ಆರ್‌ಐ ಕೈನೇಸನ್ನು ಎಬ್ಬಿಸುತ್ತದೆ, ಅದು ಪ್ರೋಟೀನ್ ತಯಾರಿಕೆ ಶುರು ಮಾಡಿಸುವ ಇಐಎಫ್2 ಆಲ್ಫಾಗೆ ಫಾಸ್ಫೇಟ್ ಅಂಟಿಸುತ್ತದೆ, ಜೀನ್‌ಗಳನ್ನು ಎಬ್ಬಿಸುವ ಎಟಿಎಫ್4 ಪ್ರೋಟೀನ್ ಏರುತ್ತದೆ. ಇದನ್ನು 2020ರಲ್ಲಿ ಎರಡು ಗುಂಪುಗಳು ಏಕಕಾಲಕ್ಕೆ ಪ್ರಕಟಿಸಿದವು. ಮೈಟೊಕಾಂಡ್ರಿಯದ ಎಟಿಪಿ ತಯಾರಿಕೆ ತಡೆಯುವ ಒಲಿಗೊಮೈಸಿನ್ ಕೊಟ್ಟು ಎಟಿಎಫ್4 ಬ್ಲಾಟ್ ಮಾಡಿದರೆ ಕೆಲವೇ ಗಂಟೆಯಲ್ಲಿ ಕಾಣುತ್ತದೆ. ಅಮೈನೋ ಆಮ್ಲದ ಕೊರತೆಗೂ ಎಟಿಎಫ್4 ಏರುವುದರಿಂದ, ಮೀಡಿಯಾ ಬದಲಿಸದೆ ಹಳಸಿದ ಫ್ಲಾಸ್ಕಿನಲ್ಲಿ ಮಾಡಿದ ಪ್ರಯೋಗಕ್ಕೆ ಬೆಲೆಯಿಲ್ಲ. ಔಷಧಿ ಹಾಕುವ ಕೆಲ ಗಂಟೆ ಮುಂಚೆ ಎಲ್ಲ ಫ್ಲಾಸ್ಕಿಗೂ ಹೊಸ ಮೀಡಿಯಾ ಹಾಕಿ.

ಹುಳುವಿನಲ್ಲಿ ಮಾತ್ರ ಸುಲಭವಾಗಿ ಕೇಳಬಹುದಾದ ಪ್ರಶ್ನೆ ಒಂದಿದೆ. ನರಕೋಶದ ಮೈಟೊಕಾಂಡ್ರಿಯ ಕೆಟ್ಟರೆ ಕರುಳಿನ ಕೋಶಕೇಂದ್ರಕ್ಕೆ ಗೊತ್ತಾಗುತ್ತದೆಯೇ? ಗೊತ್ತಾಗುತ್ತದೆ: ನರಗಳಲ್ಲಷ್ಟೇ ಸಿಸಿಒ-1 ಕುಗ್ಗಿಸಿದಾಗ ಕರುಳಿನಲ್ಲಿ ಎಚ್‌ಎಸ್‌ಪಿ-6 ಹೊಳೆಯಿತೆಂದು 2011ರಲ್ಲಿ ಡಿಲ್ಲಿನ್ ಅವರ ಗುಂಪು ವರದಿ ಮಾಡಿತು. ಮುಂದೆ 2018ರಲ್ಲಿ ಈ ದೂರದ ಸುದ್ದಿಯಲ್ಲಿ ಕೋಶದಿಂದ ಕೋಶಕ್ಕೆ ಸಂಕೇತ ಒಯ್ಯುವ ಡಬ್ಲ್ಯುಎನ್‌ಟಿ ಪ್ರೋಟೀನ್ ಬಳಗದ ಇಜಿಎಲ್-20ರ ಪಾತ್ರ ಹೊರಬಂತು. ಇದನ್ನು ತಿನ್ನಿಸುವ ಆರ್‌ಎನ್‌ಎಐನಿಂದ ಮಾಡಲು ಹೋಗಬೇಡಿ. ಮಾಮೂಲಿ ಹುಳುವಿನ ನರಕೋಶಗಳು ತಿಂದ ಜೋಡಿ ಎಳೆಯ ಆರ್‌ಎನ್‌ಎಗೆ ಸರಿಯಾಗಿ ಸ್ಪಂದಿಸುವುದಿಲ್ಲ, ಕರುಳು ಮಾತ್ರ ಮೊದಲು ಸ್ಪಂದಿಸುತ್ತದೆ, ಫಲಿತಾಂಶ ತಲೆಕೆಳಗಾಗುತ್ತದೆ. ನರದ ಪ್ರೊಮೋಟರಿನಿಂದ ಹೇರ್‌ಪಿನ್ ಆರ್‌ಎನ್‌ಎ (ತನ್ನ ಮೇಲೆ ತಾನೇ ಮಡಚಿ ಜೋಡಿ ಎಳೆಯಾಗುವುದು) ತಯಾರಿಸುವ ತಳಿ ಬಳಸಿ, ಅದನ್ನು ಎಸ್‌ಐಡಿ-1 ಇಲ್ಲದ ಹಿನ್ನೆಲೆಯಲ್ಲೂ ಪರೀಕ್ಷಿಸಿ. ಎಸ್‌ಐಡಿ-1 ಆರ್‌ಎನ್‌ಎಯನ್ನು ಜೀವಕೋಶದೊಳಗೆ ಬಿಡುವ ಬಾಗಿಲು. ಅದು ಮುಚ್ಚಿದ ಮೇಲೂ ಕರುಳು ಹೊಳೆದರೆ, ನರದಿಂದ ಸೋರಿ ಬಂದ ಆರ್‌ಎನ್‌ಎಯೇ ಕರುಳಿನ ಸಿಸಿಒ-1 ಅನ್ನು ಕುಗ್ಗಿಸಿತು ಎಂಬ ಆಕ್ಷೇಪಕ್ಕೆ ಎಡೆಯಿರುವುದಿಲ್ಲ.